ಪಡ್ರೆಯ ಲೆಕ್ಕ ಬರೆದವರು

ಕುಂದೂರು, ಆಲೂರು, ಸಕಲೇಶಪುರದ ಕಡೆಯವರಿಗೆ ಧರ್ಮಸ್ಥಳದ ದಾರಿ ಬಾಯಿಪಾಠ. ಶಿರಾಡಿ ಘಾಟಿ ಇಳಿದು, ಗುಂಡ್ಯ ದಾಟಿ, ನೆಲ್ಯಾಡಿ ಹತ್ತಿರದ ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗಿದರೆ ಕೊಕ್ಕಡ. ಸೌತಡ್ಕದ ಬಯಲು ಗಣಪನಿಗೆ ಗಂಟೆ ಕಟ್ಟುವ ಹರಕೆ ಹೊತ್ತವರು ಅಲ್ಲಿ ಇಳಿಯುತ್ತಾರೆ, ಉಳಿದವರು ಮಂಜುನಾಥನ ದರ್ಶನದ ಸಾಲು ನೆನೆದು ಮುಂದೆ ಹೋಗುತ್ತಾರೆ. ಈ ಸೀಮೆಯ ಗುಡ್ಡಗಳಲ್ಲಿ ಗೇರು ನೆಡುತೋಪುಗಳಿವೆ. 1980ರ ದಶಕದಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಷ್ಟೋ ಮನೆಗಳಲ್ಲಿ ಹುಟ್ಟಿದಂದಿನಿಂದ ನಡೆಯಲಾರದವರು, ಮಾತು ಬಾರದವರು ಇದ್ದಾರೆ. ಅವರನ್ನು ಎತ್ತಿ ಇಳಿಸುತ್ತಲೇ ಮುದುಕರಾದ ತಾಯ್ತಂದೆಯರಿದ್ದಾರೆ.

ಈ ಸಂಕಟಕ್ಕೆ ಹೆಸರು ಸಿಕ್ಕಿದ್ದು ಮಾತ್ರ ಬೇರೆ ಊರಿನಲ್ಲಿ. ಕೊಕ್ಕಡದಿಂದ ನೈಋತ್ಯಕ್ಕೆ, ಕೇರಳದ ಗಡಿಯೊಳಗೆ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ. ಮನೆಮಾತು ತುಳು, ಕನ್ನಡ, ಹವಿಗನ್ನಡ, ಮರಾಠಿ. ಸರ್ಕಾರಿ ಕಾಗದ ಮಲಯಾಳದ್ದು. ಕಾಯಿಲೆ ಜೋರಾದರೆ ಓಡುವುದು ಮಂಗಳೂರಿಗೆ. ಆ ಊರಿನಲ್ಲಿ ಏನಾಗುತ್ತಿದೆ ಎಂದು ಮೊದಲು ಬರೆದಿಟ್ಟವರಲ್ಲಿ ವಿಶ್ವವಿದ್ಯಾಲಯದವರು ಇರಲಿಲ್ಲ, ಆರೋಗ್ಯ ಇಲಾಖೆಯವರೂ ಇರಲಿಲ್ಲ. ಒಬ್ಬರು ಅಡಿಕೆ ಕೃಷಿಕ, ಬರವಣಿಗೆ ಅವರ ಇನ್ನೊಂದು ಕಸುಬು. ಇನ್ನೊಬ್ಬರು ಹಳ್ಳಿಯ ಎಂಬಿಬಿಎಸ್ ಡಾಕ್ಟರು. ಮೂರನೆಯವರು, ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕೃಷಿ ಇಲಾಖೆಯ ಕೆಳಹಂತದ ನೌಕರೆ.

ಗುಡ್ಡದ ಮೇಲೆ ಗೇರು, ಬುಡದಲ್ಲಿ ಸುರಂಗ

ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಹುಟ್ಟಿದ್ದು 1962ರಲ್ಲಿ, ಕೊಟ್ಟಾಯಂ ಅದರ ಕೇಂದ್ರ. ಕಾಸರಗೋಡಿನ ಬೋಳುಗುಡ್ಡಗಳಲ್ಲಿ ನೆಟ್ಟ ಗೇರು ಅದರ ಕೈಗೆ ಬಂದು, ಒಟ್ಟು ತೋಪು ಸುಮಾರು 4,600 ಹೆಕ್ಟೇರ್ ಆಯಿತು. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ. ಹೆಸರು ಸೊಳ್ಳೆಯಾದರೂ ಇದು ತಿಗಣೆಯ ಜಾತಿಯ ಕೀಟ. ಎಳೆ ಚಿಗುರು, ಹೂಗೊಂಚಲು, ಮಿಡಿಗಾಯಿಗಳ ರಸ ಹೀರುತ್ತದೆ. ಅದು ಚುಚ್ಚಿದ ಗೊಂಚಲು ಕಪ್ಪಾಗಿ ಸುಟ್ಟಂತೆ ಕಾಣುತ್ತದೆ, ಇಡೀ ಫಸಲು ಕೈತಪ್ಪುತ್ತದೆ. ಅದಕ್ಕೆ ಕಾರ್ಪೊರೇಶನ್ ಆರಿಸಿಕೊಂಡ ಮದ್ದು ಎಂಡೋಸಲ್ಫಾನ್; ಜರ್ಮನಿಯ ಹೋಕ್ಸ್ಟ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಕ್ಲೋರಿನ್‌ಯುಕ್ತ ಕೀಟನಾಶಕ. 1970ರ ದಶಕದ ಕೊನೆಯ ಭಾಗದಲ್ಲಿ ಶುರುವಾದ ಹೆಲಿಕಾಪ್ಟರ್ ಸಿಂಪಡಣೆ ವರ್ಷಕ್ಕೆ ಎರಡು ಮೂರು ಸಲದಂತೆ 2000ದವರೆಗೆ ನಡೆಯಿತು.

ಹೆಲಿಕಾಪ್ಟರ್ ಗಿಡದ ನೆತ್ತಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಹಾರಬೇಕು ಎಂಬುದು ನಿಯಮ. ಬಯಲುಸೀಮೆಯಲ್ಲಿ ಇದು ಸಾಧ್ಯವಾದೀತು. ಏರು, ಇಳಿಜಾರು, ಕಮರಿ, ಕರೆಂಟಿನ ತಂತಿ ಇರುವ ಕಾಸರಗೋಡಿನ ಗುಡ್ಡಗಳಲ್ಲಿ ಪೈಲಟ್ ಮೇಲೇರಲೇಬೇಕು. ಮೇಲಿಂದ ಬಿಟ್ಟ ಮದ್ದು ಗಾಳಿಗೆ ಸಿಕ್ಕಿ ತೋಪಿನ ಗಡಿ ದಾಟುತ್ತಿತ್ತು.

ಗಡಿಯಾಚೆ ಇದ್ದದ್ದು ಮನೆಗಳು. ತೋಪು ಗುಡ್ಡದ ತಲೆಯಲ್ಲಿ, ಮನೆ, ಅಡಿಕೆ ತೋಟ, ಶಾಲೆ ಕೆಳಗಿನ ಕಣಿವೆಯಲ್ಲಿ. ಈ ಸೀಮೆಯವರು ಕುಡಿಯುವ ನೀರನ್ನು ಪಡೆಯುವ ರೀತಿಯೂ ಬೇರೆ. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲಕ್ಕೆ ಅಡ್ಡಡ್ಡವಾಗಿ ಬಿಲ ಕೊರೆಯುತ್ತಾರೆ; ಇದೇ ಸುರಂಗ. ಕೆಲವು ನೂರಾರು ಅಡಿ ಒಳಹೋಗುತ್ತವೆ. ಗುಡ್ಡ ಕುಡಿದ ಮಳೆನೀರು ಸುರಂಗದ ಗೋಡೆಗಳಿಂದ ಒಸರಿ, ನೆಲದ ಮೇಲೆ ತೆಳ್ಳಗೆ ಹರಿದು, ಬಾಯಿಯ ಹೊರಗಿನ ಮಣ್ಣಿನ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಹಗ್ಗ ಬೇಡ. ಸಿಂಪಡಣೆಗೆ ಮೊದಲು ಬಾವಿ ಮುಚ್ಚಿಕೊಳ್ಳಿ ಎಂದು ಹೇಳುವ ಪದ್ಧತಿ ಇತ್ತು. ಸುರಂಗದ ತೊಟ್ಟಿಗೆ ಸೋಗೆ ಮುಚ್ಚಬಹುದು. ಹರಿಯುವ ತೋಡಿಗೆ ಏನು ಮುಚ್ಚುವುದು? ಸುರಂಗಕ್ಕೆ ನೀರು ಕೊಡುವ ಇಡೀ ಗುಡ್ಡಕ್ಕೆ ಏನು ಹೊದಿಸುವುದು?

ಕರುವಿನ ಕಾಲು

1979ರಲ್ಲಿ ಪಡ್ರೆಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದವು. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಒಂದು ಅಂಗವಿಕಲ ಕರು ಹುಟ್ಟಿದರೆ ಜನ ವಿಧಿ ಎಂದು ಸುಮ್ಮನಾಗುತ್ತಾರೆ. ಅದೇ ಊರಿನ ಶ್ರೀ ಪಡ್ರೆ ಸುಮ್ಮನಾಗಲಿಲ್ಲ. ಮುಂದೆ ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ, ಸುರಂಗ ಮತ್ತು ಮಳೆಕೊಯ್ಲಿನ ಬರಹಗಾರರಾಗಿ ನಾಡಿನ ರೈತರಿಗೆಲ್ಲ ಗೊತ್ತಾದವರು ಇವರೇ. ಆಗಿನ್ನೂ ಅವರು ಹೊಸ ಬರಹಗಾರ. ಕರುಗಳ ಸುದ್ದಿಯನ್ನು ತಲೆಯ ಮೇಲೆ ಹಾರುವ ಹೆಲಿಕಾಪ್ಟರ್ ಜೊತೆ ಇಟ್ಟು ನೋಡಿ ಒಂದು ಲೇಖನ ಬರೆದರು. ಇಂಗ್ಲಿಷ್ ವಾರಪತ್ರಿಕೆ ‘ಎವಿಡೆನ್ಸ್ ವೀಕ್ಲಿ’ಯಲ್ಲಿ ಅಚ್ಚಾದ ಆ ಲೇಖನದ ತಲೆಬರಹದ ಅರ್ಥ ‘ಜೀವ ಗೇರಿಗಿಂತ ಅಗ್ಗ’. ಸಿಂಪಡಣೆ ನಿಲ್ಲಲಿಲ್ಲ.

ಹೋಲಿಸಿ ನೋಡಲು ಮಲೆನಾಡಿನದೇ ಒಂದು ಪ್ರಸಂಗವಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜೊತೆಗೆ ಜನ ಜ್ವರದಿಂದ ಮಲಗಿದರು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಶುರುವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿಗೆ ಬಂದರು. ಸತ್ತ ಮಂಗ, ಉಣ್ಣೆ, ರೋಗಿಯ ರಕ್ತ ಎಲ್ಲವನ್ನೂ ಒಂದೇ ಪ್ರಯೋಗಾಲಯ ಪರೀಕ್ಷಿಸಿತು. ಅದೇ ವರ್ಷ ವೈರಸ್ ಕೈಗೆ ಸಿಕ್ಕಿತು. ಮಂಗನ ಕಾಯಿಲೆಗೆ ಸಿಕ್ಕ ಆ ಗಮನ ಪಡ್ರೆಯ ಕರುಗಳಿಗೆ ಸಿಗಲಿಲ್ಲ. ಕಾರಣ ಸರಳ. ವೈರಸ್ಸಿನ ಹಿಂದೆ ಯಾರ ವ್ಯಾಪಾರವೂ ಇರಲಿಲ್ಲ. ಗೇರು ತೋಪು ಸರ್ಕಾರದ್ದು. ಎಂಡೋಸಲ್ಫಾನ್ ತಯಾರಿಸುತ್ತಿದ್ದ ಕಂಪನಿಗಳಲ್ಲಿ ಕೇಂದ್ರ ಸರ್ಕಾರದ ಸ್ವಂತ ಉದ್ಯಮ ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು. ಈ ಮದ್ದನ್ನು ಜಗತ್ತಿನಲ್ಲಿ ಅತಿ ಹೆಚ್ಚು ತಯಾರಿಸಿ ಅತಿ ಹೆಚ್ಚು ಬಳಸುವ ದೇಶವಾಗಿ ಭಾರತ ಬೆಳೆಯುತ್ತಿತ್ತು.

ವಾಣೀನಗರದ ಡಾಕ್ಟರು

1982ರಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಪಡ್ರೆಯ ವಾಣೀನಗರದಲ್ಲಿ ಚಿಕಿತ್ಸೆ ಕೊಡಲು ಕುಳಿತರು. ಜ್ವರ, ಭೇದಿ, ಹಾವು ಕಡಿತ ನೋಡುವ ಹಳ್ಳಿ ಡಾಕ್ಟರು. ವರ್ಷಗಳು ಕಳೆದಂತೆ ಅವರಿಗೆ ಒಂದು ವಿಷಯ ಕಾಡತೊಡಗಿತು. ಇಷ್ಟು ಸಣ್ಣ ಊರಿನಲ್ಲಿ ಅಪಸ್ಮಾರ ಯಾಕಿಷ್ಟು? ಮಾನಸಿಕ ಕಾಯಿಲೆ, ಬುದ್ಧಿಮಾಂದ್ಯ, ಹುಟ್ಟು ವೈಕಲ್ಯ, ಕ್ಯಾನ್ಸರ್, ಎಳೆಯ ವಯಸ್ಸಿನ ಆತ್ಮಹತ್ಯೆ ಯಾಕಿಷ್ಟು? ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಯಾಕೆ?

ಈ ಪ್ರಶ್ನೆ ಮಂಗಳೂರಿನ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೊಳೆಯುವಂಥದ್ದಲ್ಲ. ಅಪಸ್ಮಾರದವರು ನರರೋಗ ವಿಭಾಗಕ್ಕೆ ಹೋಗುತ್ತಾರೆ, ಗಡ್ಡೆಯವರು ಶಸ್ತ್ರಚಿಕಿತ್ಸೆಯ ವಾರ್ಡಿಗೆ, ಗರ್ಭಪಾತವಾದವರು ಇನ್ನೊಂದು ಮಹಡಿಗೆ. ಪ್ರತಿಯೊಂದು ವಿಭಾಗಕ್ಕೂ ಪಡ್ರೆಯಿಂದ ಬಂದ ರೋಗಿ ಎಲ್ಲೋ ಒಬ್ಬ. ಎಲ್ಲ ರೋಗಿಗಳನ್ನೂ, ಅವರ ಮನೆಯನ್ನೂ, ಆ ಮನೆಗೆ ನೀರು ಬರುವ ದಾರಿಯನ್ನೂ ಬಲ್ಲವರು ಊರಿನ ಡಾಕ್ಟರು ಒಬ್ಬರೇ. ಜಿಲ್ಲೆಯ ದಾಖಲೆಯಲ್ಲೂ ಇದು ಕಾಣುವಂತಿರಲಿಲ್ಲ. ಚಿಕಿತ್ಸೆ ಕರ್ನಾಟಕದಲ್ಲಿ, ವಾಸ ಕೇರಳದಲ್ಲಿ. ಫೈಲುಗಳು ರಾಜ್ಯದ ಗಡಿಯ ಎರಡೂ ಕಡೆ ಹರಿದು ಹಂಚಿಹೋಗಿದ್ದವು.

ಮೋಹನ ಕುಮಾರರ ಮೊದಲ ಅನುಮಾನ ನೀರಿನ ಮೇಲೆ. ರೋಗಿಗಳ ಮನೆಗಳು ಕೊಡೆಂಕಿರಿ ತೋಡಿನ ಆಸುಪಾಸಿನಲ್ಲೇ ಹೆಚ್ಚು ಎಂಬುದು ಅವರಿಗೆ ಕಂಡಿತ್ತು. ನೀರಿನಲ್ಲಿ ಭಾರಲೋಹ ಇರಬಹುದೆ, ಕಲ್ಲಿನಲ್ಲಿ ವಿಕಿರಣ ಇರಬಹುದೆ ಎಂದು ಯೋಚಿಸಿದರು. 1990ರ ದಶಕದ ಉತ್ತರಾರ್ಧದಲ್ಲಿ ‘ಕೇರಳ ಮೆಡಿಕಲ್ ಜರ್ನಲ್’ಗೆ ಬರೆದು, ಈ ಊರಿನಲ್ಲಿ ಹೀಗಾಗುತ್ತಿದೆ, ಬಲ್ಲವರು ನೋಡಿ ಎಂದು ವೈದ್ಯಲೋಕದ ಗಮನ ಸೆಳೆಯಲು ನೋಡಿದರು. ಹೇಳಿಕೊಳ್ಳುವಂಥ ಸ್ಪಂದನೆ ಬರಲಿಲ್ಲ.

ಉತ್ತರ ಸಿಕ್ಕಿದ್ದು ಊರೊಳಗೇ. ಡಾಕ್ಟರ ಬಳಿ ರೋಗಿಗಳ ಮಾಹಿತಿ ಇತ್ತು, ಶ್ರೀ ಪಡ್ರೆಯವರ ಬಳಿ ಇಪ್ಪತ್ತು ವರ್ಷ ಹಿಂದಿನ ಕರುಗಳ ಮಾಹಿತಿ. ರೈತರ ಬಾಯಲ್ಲಿ ಇನ್ನಷ್ಟು ಇತ್ತು: ಪೆಟ್ಟಿಗೆ ಬಿಟ್ಟು ಹೋದ ಜೇನು, ಸಿಂಪಡಣೆಯ ಮರುದಿನ ತೋಡಿನಲ್ಲಿ ತೇಲಿದ ಮೀನು, ಕಾಣೆಯಾದ ಕಪ್ಪೆ, ಗಬ್ಬ ನಿಲ್ಲದ ಹಸು. ಬಿಡಿಬಿಡಿಯಾಗಿ ಯಾವುದೂ ಏನನ್ನೂ ಸಾಬೀತು ಮಾಡುವಂತಿರಲಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟಾಗ ಎಲ್ಲದರ ನೆತ್ತಿಯ ಮೇಲೂ ಒಂದೇ ಹೆಲಿಕಾಪ್ಟರ್ ಹಾರುತ್ತಿತ್ತು. ಎಂಡೋಸಲ್ಫಾನ್ ನರಮಂಡಲವನ್ನು ಕೆರಳಿಸಿ ಸೆಳವು ತರುವ ವಿಷ ಎಂಬುದು ವಿಷಶಾಸ್ತ್ರದ ಪುಸ್ತಕಗಳಲ್ಲಿ ಮೊದಲೇ ಇತ್ತು. ಮೀನುಗಳಿಗೆ ಅದು ಮಾರಕ ಎಂಬುದೂ ಇತ್ತು.

ಈ ಇಬ್ಬರೂ ಊರಿನವರೊಂದಿಗೆ ಸೇರಿ ಎಂಡೋಸಲ್ಫಾನ್ ಸಿಂಪಡಣೆ ವಿರೋಧಿ ಕ್ರಿಯಾ ಸಮಿತಿ ಕಟ್ಟಿದರು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದು ‘ಎಸ್ಪಾಕ್’ ಎಂದು ಹೆಸರಾಯಿತು.

ಪೆರಿಯದ ದಾವೆ

ಅದೇ ಹೊತ್ತಿಗೆ ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಇನ್ನೊಂದು ಹೋರಾಟ ನಡೆದಿತ್ತು. ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆ. ಗೇರು ತೋಪಿನ ಪಕ್ಕ ಮನೆ ಕಟ್ಟಿಕೊಂಡ ಮೇಲೆ ಅವರ ಮತ್ತು ಮನೆಯವರ ಆರೋಗ್ಯ ಕೆಟ್ಟಿತು. ಕೀಟನಾಶಕದ ನಿಯಮಗಳು ಅವರಿಗೆ ಕೆಲಸದ ಮೂಲಕವೇ ಗೊತ್ತಿದ್ದವು. ಆ ನಿಯಮಗಳಿಗೂ ತಮ್ಮ ಮನೆಯ ಮೇಲೆ ಬೀಳುತ್ತಿದ್ದ ಹನಿಗೂ ತಾಳೆಯಾಗುತ್ತಿರಲಿಲ್ಲ. ಮನವಿ ಕೊಟ್ಟರು, ಸಹಿ ಸಂಗ್ರಹಿಸಿದರು. 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. 2000ದಲ್ಲಿ ಅದು ಕಾಯಂ ಆಯಿತು. ಪ್ರಯೋಗಾಲಯದ ಒಂದು ವರದಿಯೂ ಬರುವ ಮುಂಚೆ, ಜಿಲ್ಲೆಯ ಅತಿ ಕೆಳಗಿನ ನ್ಯಾಯಾಲಯವೊಂದು ಕೊಟ್ಟ ಆದೇಶ ಅದು.

ಆದರೂ 2000ದ ಡಿಸೆಂಬರಿನಲ್ಲಿ ಪಡ್ರೆಯ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಮತ್ತೆ ಬಂತು. ಅದೇ ಕೊನೆಯ ಸಿಂಪಡಣೆಯಾಯಿತು. ಈ ಸಲ ನೋಡುವ ಕಣ್ಣುಗಳು ಸಿದ್ಧವಾಗಿದ್ದವು. ಸತ್ತ ಜೇನು, ಮೀನುಗಳ ಟಿಪ್ಪಣಿ ಆಯಿತು, ಫೋಟೊ ತೆಗೆಯಲಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ರಕ್ತ, ಎದೆಹಾಲು, ಹಸುವಿನ ಹಾಲು, ನೀರು, ಮಣ್ಣು, ತರಕಾರಿಯ ಮಾದರಿಗಳನ್ನು ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. 2001ರ ಫೆಬ್ರವರಿ 28ರ ‘ಡೌನ್ ಟು ಅರ್ತ್’ ಸಂಚಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಂಡೋಸಲ್ಫಾನ್ ಅಂಶ ಬಹಳ ಹೆಚ್ಚಿನ ಮಟ್ಟದಲ್ಲಿ ಸಿಕ್ಕಿತ್ತು. ಎರಡು ದಶಕ ಊರಿನ ಗೊಣಗಾಟವಾಗಿದ್ದದ್ದು ಒಂದೇ ವಾರದಲ್ಲಿ ದೇಶದ ಸುದ್ದಿಯಾಯಿತು.

ತಿರುವನಂತಪುರದ ‘ತಣಲ್’ ಸಂಘಟನೆಯವರು ಮನೆ ಮನೆ ಸುತ್ತಿ ಸಮೀಕ್ಷೆ ಮಾಡಿದರು. ಫಿಲಿಪ್ಪೀನ್ಸ್‌ನ ವಿಷಶಾಸ್ತ್ರಜ್ಞ ಡಾ. ರೋಮಿಯೊ ಕಿಹಾನೊ ಬಂದು ನೋಡಿ ವರದಿ ಬರೆದರು. ಪತ್ರಿಕಾ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳನ್ನು ಕೇರಳದ ಓದುಗರು ಮರೆಯಲಿಲ್ಲ. ಎಂ.ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಕೆಲವು ವರ್ಷಗಳ ನಂತರ ಅಂಬಿಕಾಸುತನ್ ಮಾಂಙಾಡ್ ಮಲಯಾಳದಲ್ಲಿ ಬರೆದ ಕಾದಂಬರಿಗೆ ‘ಎಣ್ಮಕಜೆ’ ಎಂದೇ ಹೆಸರಿಟ್ಟರು.

ಲೆಕ್ಕಕ್ಕೆ ಎದುರು ಲೆಕ್ಕ

ಕೂಡಲೇ ಎದುರುವಾದವೂ ಹುಟ್ಟಿತು. ಕಾರ್ಪೊರೇಶನ್ ತಮಿಳುನಾಡಿನ ಇನ್ನೊಂದು ಪ್ರಯೋಗಾಲಯಕ್ಕೆ ಕೆಲಸ ಒಪ್ಪಿಸಿತು. ಜನರ ರಕ್ತದಲ್ಲೂ ನೀರಿನಲ್ಲೂ ಎಂಡೋಸಲ್ಫಾನ್ ಸಿಗಲಿಲ್ಲ ಎಂದು ಆ ವರದಿ ಹೇಳಿತು. ಉದ್ಯಮದವರು ದೆಹಲಿಯ ಪರೀಕ್ಷೆಯ ವಿಧಾನವನ್ನೇ ಪ್ರಶ್ನಿಸಿದರು. ರಕ್ತಸಂಬಂಧದ ಮದುವೆ, ಅಪೌಷ್ಟಿಕತೆ, ಬಡತನ ಎಂಬ ಬೇರೆ ಬೇರೆ ಕಾರಣಗಳು ಮುಂದೆ ಬಂದವು. ಕೇರಳ ಸರ್ಕಾರ 2001ರ ಆಗಸ್ಟಿನಲ್ಲಿ ಬಳಕೆ ನಿಲ್ಲಿಸಿ ಪ್ರೊ. ಎ. ಅಚ್ಯುತನ್ ನೇತೃತ್ವದ ಸಮಿತಿ ನೇಮಿಸಿತು. ವೈಮಾನಿಕ ಸಿಂಪಡಣೆ ಬೇಡವೇ ಬೇಡ ಎಂದು ಅದು ಹೇಳಿತು. ಕೇಂದ್ರ ನೇಮಿಸಿದ ಒ.ಪಿ. ದುಬೆ ಸಮಿತಿ, ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ನಂಟು ಕಾಣುವುದಿಲ್ಲ ಎಂದಿತು. ಎರಡು ಸರ್ಕಾರಿ ಸಮಿತಿ, ಎರಡು ದಿಕ್ಕು.

ಈ ಗದ್ದಲದ ನಡುವೆ ಬಿಗಿಯಾಗಿ ನಡೆದ ಕೆಲಸವೆಂದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪತ್ರಿಕಾ ವರದಿಗಳನ್ನು ನೋಡಿ ತಾನಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ, 2001ರಲ್ಲಿ ಸಂಸ್ಥೆಯ ತಂಡ ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿತು. ಹೋಲಿಕೆಗೆ ವೈಮಾನಿಕ ಸಿಂಪಡಣೆ ಕಾಣದ ಮೀಂಜ ಪಂಚಾಯತಿನ ಮಕ್ಕಳನ್ನು ಆರಿಸಿಕೊಂಡಿತು. ನಿರ್ದೇಶಕ ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರು ಅದರ ಒಂದು ಭಾಗವನ್ನು 2003ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. 10ರಿಂದ 19 ವರ್ಷದ 117 ಹುಡುಗರು ಪಡ್ರೆಯ ಕಡೆಯಿಂದ, 90 ಹುಡುಗರು ಹೋಲಿಕೆಯ ಊರಿನಿಂದ. ಸಿಂಪಡಣೆಯ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಅವರ ಲೈಂಗಿಕ ಬೆಳವಣಿಗೆ ತಡವಾಗಿತ್ತು. ಟೆಸ್ಟೊಸ್ಟೆರಾನ್ ಹಾರ್ಮೋನಿನ ಮಟ್ಟದಲ್ಲೂ ವ್ಯತ್ಯಾಸವಿತ್ತು. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೂ ವಿಷ ರಕ್ತದಲ್ಲಿತ್ತು ಎಂಬುದನ್ನು ಗಮನಿಸಬೇಕು.

ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ. ವೃಷಣ ಕೆಳಗಿಳಿಯದಿರುವಂಥ ಹುಟ್ಟುದೋಷ ಪಡ್ರೆಯ ಹುಡುಗರಲ್ಲಿ ಶೇಕಡಾ 5.1, ಹೋಲಿಕೆಯವರಲ್ಲಿ ಶೇಕಡಾ 1.1. ಕೇಳಿದರೆ ಹತ್ತಿರ ಹತ್ತಿರ ಐದು ಪಟ್ಟು. ಆದರೆ ಮಕ್ಕಳ ಸಂಖ್ಯೆ ಕಡಿಮೆಯಿದ್ದುದರಿಂದ ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸ ಗಟ್ಟಿಯಲ್ಲ ಎಂದು ಸಂಶೋಧಕರೇ ಬರೆದಿದ್ದಾರೆ.

ಕಾಸರಗೋಡಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೇ ಎಂಬ ಜಗಳ ಈಗಲೂ ಮುಗಿದಿಲ್ಲ. ಆಕ್ಷೇಪಿಸುವವರ ಮುಖ್ಯ ವಾದ ಸಿಂಪಡಣೆಗೆ ಮುಂಚಿನ ಅಂಕಿ ಅಂಶ ಇಲ್ಲ ಎಂಬುದು. ಮಾತು ನಿಜ. 1970ರ ದಶಕದಲ್ಲಿ ಪಡ್ರೆಯಲ್ಲಿ ಎಷ್ಟು ಮಂದಿಗೆ ಅಪಸ್ಮಾರವಿತ್ತು ಎಂದು ಯಾರೂ ಎಣಿಸಿಟ್ಟಿರಲಿಲ್ಲ. ಆದರೆ ಎಣಿಸಬೇಕಾದವರು ಯಾರು? ನೂರಾರು ಮನೆಗಳ ಮೇಲಿನ ಆಕಾಶದಿಂದ ವಿಷ ಬಿಡುವ ಮೊದಲು, ಬಿಟ್ಟ ನಂತರ, ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಜನರ ಆರೋಗ್ಯ ನೋಡುತ್ತಿರಬೇಕಾದದ್ದು ಬಿಟ್ಟವರ ಹೊಣೆ. ಅವರು ಇಡದ ಲೆಕ್ಕವನ್ನು ಡಾಕ್ಟರೊಬ್ಬರು, ಕೃಷಿಕರೊಬ್ಬರು ತಮಗೆ ತಿಳಿದಂತೆ ಇಟ್ಟರು. ಆ ಲೆಕ್ಕ ಅಪೂರ್ಣ ಎಂಬ ದೂರು ತಿರುಗಿ ಅವರ ಮೇಲೇ ಬಂತು.

ಜಿನೀವಾ, ದೆಹಲಿ, ಕೊಕ್ಕಡ

ಮುಂದಿನ ಹತ್ತು ವರ್ಷ ವಿಷಯ ಮೇಲಿನ ಅಂಗಳಗಳಿಗೆ ಹೋಯಿತು. 2002ರಲ್ಲಿ ಕೇರಳ ಹೈಕೋರ್ಟ್ ರಾಜ್ಯದಲ್ಲಿ ಬಳಕೆಗೆ ತಡೆ ಕೊಟ್ಟಿತು. ಸುಲಭದಲ್ಲಿ ನಾಶವಾಗದ ಸಾವಯವ ವಿಷಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿಸುವ ಪ್ರಸ್ತಾಪ ಬಂದಾಗ ಭಾರತ ವಿರೋಧಿಸಿತು. ಕೊನೆಗೆ 2011ರ ಏಪ್ರಿಲ್ 29ರಂದು ಜಿನೀವಾದಲ್ಲಿ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿಯೊಂದಿಗೆ, ಜಾಗತಿಕ ನಿಷೇಧಕ್ಕೆ ಒಪ್ಪಿಗೆಯಾಯಿತು. ಎರಡು ವಾರಗಳಲ್ಲಿ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಕರ್ನಾಟಕ ಅದಕ್ಕೂ ಮೊದಲೇ, 2011ರ ಫೆಬ್ರವರಿಯಲ್ಲಿ, ರಾಜ್ಯದಲ್ಲಿ ನಿಷೇಧ ಹೇರಿತ್ತು. ಅದರ ಹಿಂದೆ ಕೊಕ್ಕಡದ ಒತ್ತಡವಿತ್ತು. ಪಡ್ರೆಯ ಸುದ್ದಿ ಓದಿದ ಮೇಲೆ ಕೊಕ್ಕಡದವರಿಗೆ ತಮ್ಮ ಮನೆಯ ಮಕ್ಕಳ ಕಾಯಿಲೆಯನ್ನು ಬೇರೆ ರೀತಿ ನೋಡಲು ಸಾಧ್ಯವಾಯಿತು. ಇಲ್ಲಿ ಸಿಂಪಡಣೆ ಮಾಡಿಸಿದ್ದು ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಎಂಡೋಸಲ್ಫಾನ್ ವಿರೋಧಿ ಹೋರಾಟ ಸಮಿತಿ ಹುಟ್ಟಿತು. ದೃಷ್ಟಿ ಕಳೆದುಕೊಂಡಿದ್ದ ಶ್ರೀಧರ ಗೌಡ ಅದರ ಮುಂದಾಳಾಗಿ ಕಚೇರಿಗಳ ಮೆಟ್ಟಿಲು ಹತ್ತಿದರು. ಸಮೀಕ್ಷೆ ನಡೆದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸಾವಿರಾರು ಸಂತ್ರಸ್ತರ ಪಟ್ಟಿಯಾಯಿತು. ಮಾಸಾಶನ ಬಂತು, ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ತೆರೆಯಿತು, ಹೈಕೋರ್ಟ್ ಪರಿಹಾರದ ಮೇಲೆ ನಿಗಾ ಇಟ್ಟಿತು.

ಕೇರಳದಲ್ಲಿ ಹಣದ ದಾರಿ ಇನ್ನೂ ಉದ್ದವಾಯಿತು. ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದೇ, ಸತ್ತವರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆಲ್ಲ 5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಐದು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ 3,704 ಸಂತ್ರಸ್ತರಲ್ಲಿ ಹಣ ತಲುಪಿದ್ದು 8 ಮಂದಿಗೆ, ಅದೂ ಕೋರ್ಟಿನ ಮೆಟ್ಟಿಲೇರಿದವರಿಗೆ ಮಾತ್ರ ಎಂಬುದು ಹೊರಬಿತ್ತು. ನ್ಯಾಯಾಲಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಇಲಾಖೆಯ ಕಡತ ಖಾಲಿ ಇದ್ದಾಗ ಹೊರಗಿನವರು ಲೆಕ್ಕ ಹಿಡಿಯುವುದು ಪಡ್ರೆಗೇ ಮುಗಿಯಲಿಲ್ಲ. 2020ರ ಕೊರೊನಾ ಲಾಕ್‌ಡೌನಿನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಮತ್ತು ಮೂವರು ಸಂಗಡಿಗರು ಬೇರೆ ಬೇರೆ ಭಾಷೆಯ ಪತ್ರಿಕೆಗಳನ್ನು ಜಾಲಾಡಿ, ಸೋಂಕು ತಗಲದೆಯೂ ಸತ್ತವರ ಪಟ್ಟಿ ಮಾಡಿದರು: ಹಸಿವಿನಿಂದ, ನಡೆದ ದಣಿವಿನಿಂದ, ರಸ್ತೆ ಮತ್ತು ರೈಲು ಹಳಿಯ ಮೇಲೆ, ಚಿಕಿತ್ಸೆ ಸಿಗದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ, ವಲಸೆ ಕಾರ್ಮಿಕರ ಸಾವಿನ ಅಂಕಿ ತನ್ನಲ್ಲಿಲ್ಲ ಎಂದು ಸಂಸತ್ತಿಗೆ ಉತ್ತರ ಕೊಟ್ಟಿತು. ಆ ಹೊತ್ತಿಗೆ ದೇಶದಲ್ಲಿದ್ದದ್ದು ಇಂಥ ಖಾಸಗಿ ಪಟ್ಟಿಗಳೇ.

ತೋಟದವರಿಗೆ ಒಂದು ಮಾತು

ಎಂಡೋಸಲ್ಫಾನ್ ಗೇರಿನ ಮದ್ದು ಮಾತ್ರ ಆಗಿರಲಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಫಿ ಹಣ್ಣು ಕೊರೆಯುವ ಬೆರಿ ಬೋರರ್ ಕೀಟ ಕಾಣಿಸಿಕೊಂಡು ಕಾಫಿ ಸೀಮೆಗಳಿಗೆಲ್ಲ ಹರಡಿದ ಮೇಲೆ, ಕಾಫಿ ಗಿಡಕ್ಕೂ ಇದನ್ನು ಹೊಡೆಯುತ್ತಿದ್ದರು. ಹೆಲಿಕಾಪ್ಟರಿನಿಂದ ಅಲ್ಲ, ನೆಲದ ಮೇಲೆ ನಿಂತು ಪಂಪು ಹಿಡಿದು. ಪಡ್ರೆಯಲ್ಲಿ ಆದದ್ದೇ ಆಲೂರಿನಲ್ಲೂ ಸಕಲೇಶಪುರದಲ್ಲೂ ಆಯಿತು ಎಂದು ಇದರಿಂದ ಹೇಳಲಾಗದು. ಆಗಲಿಲ್ಲ ಎಂದು ಹೇಳಬೇಕಾದರೂ ಕೈಯಲ್ಲಿ ದಾಖಲೆ ಬೇಕು.

ಆ ದಾಖಲೆಯ ಒಂದು ತುಂಡು ತೋಟಗಳಲ್ಲೇ ಇದ್ದೀತು. ರೈಟರ್ ಬರೆದಿಟ್ಟ ಹಳೆಯ ಸ್ಟಾಕ್ ಪುಸ್ತಕಗಳಲ್ಲಿ ಯಾವ ವರ್ಷ ಯಾವ ಔಷಧಿ ಎಷ್ಟು ಲೀಟರ್ ಬಂತು, ಯಾವ ಬ್ಲಾಕಿಗೆ ಹೋಯಿತು ಎಂಬುದಿರುತ್ತದೆ. ಚೆಕ್‌ರೋಲ್‌ನಲ್ಲಿ ಆ ದಿನ ಪಂಪು ಹಿಡಿದವರ ಹೆಸರಿರುತ್ತದೆ. ಇನ್ನೊಂದು ತುಂಡು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ, ಮತ್ತೊಂದು ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ. ಕುಂದೂರು ಹೋಬಳಿಯಲ್ಲಾಗಲಿ, ಪಕ್ಕದ ತೋಟಗಳಲ್ಲಾಗಲಿ 1990ರ ದಶಕದ ಇಂಥ ಪುಸ್ತಕಗಳು ಅಟ್ಟದಲ್ಲಿ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಈಗ ಹೊಡೆಯುತ್ತಿರುವ ಔಷಧಿಗೂ ಹೆಸರು, ತಾರೀಖು, ಬ್ಲಾಕು, ಹೊಡೆದವರ ಹೆಸರು ಬರೆದಿಡಿ. ಊರಿನ ಡಾಕ್ಟರು ಎಂದಾದರೂ ಬಂದು ಕೇಳಿದರೆ ಆ ಪುಸ್ತಕವನ್ನು ಅವರ ಮುಂದಿಡಿ.